ಹದಿನೈದಕ್ಕೆ ಒಂದು

ಕರನಾವಿಯ ಕಿತ್ತಳೆ ಹೇರಿಕೊಂಡು
ಎಲಿಯೊದೊರೊನ ಹಳೇ ಡಾಜ್ ಲಾರಿ
ಕಣಿವೆ ಬಿಡುವಾಗ ಚೆನ್ನಾಗಿಯೇ ಇತ್ತು.
ಮೂರು ಸಾವಿರ ಮೀಟರಿಗೆ ಕೆಮ್ಮು,
ಘಾಟಿಯ ನೆತ್ತಿಯಲ್ಲಿ ಕಪ್ಪು ಹೊಗೆ,
ಎಲ್ ಆಲ್ತೊದ ಅಂಚು ಮುಟ್ಟುವಷ್ಟರಲ್ಲಿ
ಅದಕ್ಕೂ ಏದುಸಿರು, ಕ್ಲೀನರ್ ಆದ ನನಗೂ.
ಹತ್ತೊಂಬತ್ತರ ವಯಸ್ಸು.
ಶೂ ಲೇಸು ಕಟ್ಟಲು ಬಗ್ಗಿದವನು
ಮೇಲೇಳಲಾರದೆ ಟೈರಿಗೆ ಒರಗಿ ಕೂತೆ.

ಸಾತುರ್ನಿನಾ ತಿಕೋನಾ ಶೆಡ್ಡಿನಿಂದ ಬಂದಳು.
ನೆರಿಗೆ ಲಂಗದ ಮೇಲೆ ಗ್ರೀಸು ಮೆತ್ತಿದ ಏಪ್ರನ್,
ತಲೆಯ ಮೇಲಿನ ಬೌಲರ್ ಟೋಪಿಗೆ ಮಾತ್ರ
ಒಂದು ಕಲೆಯಿಲ್ಲ.
ಸೈಲೆನ್ಸರಿಗೆ ಬೆರಳು ತೂರಿಸಿ ಮಸಿ ನೋಡಿದಳು.
ನನ್ನ ಕೈ ಎತ್ತಿ ಉಗುರಿನ ನೀಲಿ ನೋಡಿದಳು.
"ಇಬ್ಬರದೂ ಒಂದೇ ಕಾಯಿಲೆ."

ನೆಲಕ್ಕೆ ಮೊದಲು ನಾಲ್ಕು ಹನಿ ಸಾರಾಯಿ.
ಪಾಚಮಾಮಾಗೆ ಕೊಡದೆ ನಟ್ಟು ಬಿಚ್ಚುವವಳಲ್ಲ.
ಆಮೇಲೆ ಕಾರ್ಬುರೇಟರ್ ಇಳಿಸಿ, ತೆರೆದು,
ಎಲಿಯೊದೊರೊನಿಗಲ್ಲ, ನನಗೆ ಹೇಳತೊಡಗಿದಳು:

"ಇದು ಬಟ್ಟಲು. ಇದರಲ್ಲಿ ತೇಲುವ ಹಿತ್ತಾಳೆ ಡಬ್ಬಿ
ಪೆಟ್ರೋಲು ಏರಿದಂತೆ ಏರಿ
ಸೂಜಿಯಿಂದ ಬಾಗಿಲು ಹಾಕುತ್ತದೆ.
ಸಾಕು ಅನ್ನುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ.
ಇದು ಗಂಟಲು. ನಡುವೆ ಕಿರಿದಾಗಿದೆ, ನೋಡು.
ಸಂತೆಯ ಓಣಿಯಲ್ಲಿ ಜನ ನುಗ್ಗಿದಂತೆ
ಗಾಳಿ ಇಲ್ಲಿ ಓಡುತ್ತದೆ. ಓಡುವ ಗಾಳಿಗೆ
ಗೋಡೆಯನ್ನು ಒತ್ತುವ ಪುರುಸೊತ್ತಿಲ್ಲ.
ಒತ್ತಡ ಕುಸಿದ ಆ ಜಾಗಕ್ಕೆ ಪೆಟ್ರೋಲು ಚಿಮ್ಮುತ್ತದೆ.
ಗಂಟಲು ಎಳೆಯಿತು ಅನ್ನುತ್ತಾರೆ, ಸುಳ್ಳು.
ಬಟ್ಟಲಿನ ಮೇಲೆ ಕೂತ ಆಕಾಶ
ಕೆಳಗೊತ್ತಿ ಅದನ್ನು ಕಳಿಸುತ್ತದೆ.

ಹದಿನೈದು ತೂಕ ಗಾಳಿಗೆ ಒಂದು ತೂಕ ಪೆಟ್ರೋಲು.
ಹದ ಅಂದರೆ ಇಷ್ಟೇ.
ಆದರೆ ನಮ್ಮ ಆಕಾಶ ತೆಳು.
ಈಗ ನೀನು ಎಳೆದುಕೊಂಡ ಉಸಿರಿದೆಯಲ್ಲ,
ಅದರಲ್ಲಿ ಮೂರನೇ ಒಂದು ಪಾಲು ಬರೀ ಮಾತು.
ಜೆಟ್ಟು ಕಣಿವೆಯದು, ಕೈ ಬಿಗಿ ಹಿಡಿದು ಗೊತ್ತಿಲ್ಲ.
ಊಟ ಸೇರದವನ ತಟ್ಟೆಗೆ
ಬಡಿಸುತ್ತಲೇ ಇದೆ."

ಬಟಾಣಿ ಕಾಳಿನಷ್ಟು ಹಿತ್ತಾಳೆ. ಸೂರ್ಯನಿಗೆ ಹಿಡಿದು
ತೂತಿನಲ್ಲಿ ಒಂದು ಕಣ್ಣಿಟ್ಟಳು.
ಕಸ ತೆಗೆಯೋಣವೆಂದು ನಾನು ತಂತಿ ಹುಡುಕಿದ್ದಕ್ಕೆ
ಕೈ ಮೇಲೆ ಪಟ್ಟನೆ ಏಟು.
"ತಂತಿ ಹಾಕಿದರೆ ತೂತು ಬೆಳೆಯುತ್ತದೆ.
ಬೆಳೆದದ್ದು ಕುಗ್ಗುವುದಿಲ್ಲ."
ತುಟಿಗಿಟ್ಟು ಊದಿದಳು, ಅಷ್ಟೇ.

ನೂರಾ ಮೂವತ್ತು ತೆಗೆದು ನೂರಾ ಹದಿನೈದು ಹಾಕಿ,
ಸ್ಕ್ರೂ ಪೂರ್ತಿ ಒಳಕ್ಕೆ, ಒಂದೂವರೆ ಸುತ್ತು ಹೊರಕ್ಕೆ,
ಟೋಪಿ ಓರೆ ಮಾಡಿ ಕಿವಿ ಕೊಟ್ಟು
ಮತ್ತೆ ಕಾಲು ಸುತ್ತು ಒಳಕ್ಕೆ.
ಎಂಜಿನ್ ಕೆಮ್ಮಿತು, ನಿಂತಿತು,
ಆಮೇಲೆ ಹಿಡಿದುಕೊಂಡಿತು.
ನನಗೊಂದು ಲೋಟ ಕೋಕಾ ಎಲೆಯ ಕಷಾಯ.

ಕಣಿವೆಯ ಜೆಟ್ಟಿಗೆ ಕೆಂಪು ಉಣ್ಣೆಯೆಳೆ ಕಟ್ಟಿ
ಸಾರ್ಡೀನ್ ಡಬ್ಬಿಗೆ ಹಾಕಿದಳು.
"ಇಳಿಯುವಾಗ ಬಂದು ಬದಲಿಸಿಕೋ.
ಇದರಲ್ಲೇ ಕೆಳಗೆ ಓಡಿಸಿದೆಯೋ,
ಹಸಿದ ಬೆಂಕಿ ಪಿಸ್ಟನ್ನನ್ನೇ ತಿಂದೀತು."

ಎಲಿಯೊದೊರೊ ನಾಲ್ಕನೇ ದಿನ ಬಂದ,
ಕಿತ್ತಳೆ ಮಾರಿ, ಸ್ವಲ್ಪ ಕುಡಿದು.
ಅವನ ಜೆಟ್ಟು ಕೂರಿಸುವಾಗ
ಸ್ಪ್ಯಾನರ್ ನನ್ನ ಕೈಯಲ್ಲಿತ್ತು.
ಅವನೇನೂ ಕೇಳಲಿಲ್ಲ. ನನ್ನ ಕಂಬಳಿಯನ್ನು
ಕ್ಯಾಬಿನ್ನಿನಿಂದ ಕೆಳಗೆಸೆದು ಗೇರು ಹಾಕಿದ.

ಈಗ ಬರುವ ಗಾಡಿಗಳಿಗೆ ಕಂಪ್ಯೂಟರು.
ಆಕಾಶವನ್ನು ತಾವೇ ಅಳೆದುಕೊಳ್ಳುತ್ತವೆ.
"ಲೆಕ್ಕ ಸರಿ, ಆದರೆ ಮಾತಾಡುವುದಿಲ್ಲ"
ಎನ್ನುತ್ತಿದ್ದಳು ಸಾತುರ್ನಿನಾ, ಕೊನೆಯವರೆಗೂ.
ಡಬ್ಬಿಯಲ್ಲಿ ಇನ್ನೂ ಇಪ್ಪತ್ತಮೂರು ಜೆಟ್ಟುಗಳಿವೆ,
ಎಳೆಗಳ ಬಣ್ಣ ಮಾಸಿ ಯಾವುದು ಯಾರದೋ.

ಹನ್ನೊಂದು ವರ್ಷದ ಮೇಲೆ ಒಮ್ಮೆ
ಕರನಾವಿಗೆ ಇಳಿದೆ, ಅಕ್ಕನ ಮದುವೆಗೆ.
ಗಾಳಿ ಅಂಬಲಿಯಷ್ಟು ದಪ್ಪ.
ರಾತ್ರಿಯಿಡೀ ಅಷ್ಟೊಂದು ಉಸಿರನ್ನು
ಏನು ಮಾಡಬೇಕೆಂದು ತಿಳಿಯದೆ
ಎದ್ದು ಹೊರಗೆ ಬಂದು
ಯಾರದೋ ಲಾರಿಯ ಟೈರಿಗೆ
ಒರಗಿ ಕೂತಿದ್ದೆ.