ಖಾಲಿ ಬೆನ್ನು

ಐದೂಮುಕ್ಕಾಲಿಗೆ ಸಾಲಗಾಮೆ ರಸ್ತೆಯ ಸ್ಟೇಡಿಯಂ ಗೇಟಿಗೆ
ಸೈಕಲ್ ಒರಗಿದ ಸದ್ದಾದರೆ ಸಾಕು
ನಾವು ಲೇಸು ಬಿಗಿಯುತ್ತಿದ್ದೆವು.
ಇನ್ನಾಸಪ್ಪ ಮೇಷ್ಟ್ರು ಮೊದಲು ನಮ್ಮನ್ನು ನೋಡುತ್ತಿರಲಿಲ್ಲ,
ಚೆಂಡು ಎಣಿಸುತ್ತಿದ್ದರು.
ಹದಿನಾಲ್ಕಿರಬೇಕು. ಒಂದು ಯಾವಾಗಲೂ ಕಮ್ಮಿ,
ಮೋರಿಯಲ್ಲೋ, ಯಾರದೋ ಮನೆಯ ಷೋಕೇಸಿನಲ್ಲೋ.

ಎಡ ಹಾಫ್. ಅಂಚೆ ಇಲಾಖೆಯ ತಂಡಕ್ಕೆ ಹನ್ನೊಂದು ವರ್ಷ.
ಹಗಲು ಕಾಗದ ವಿಂಗಡಿಸಿದ ಕೈ
ಸಂಜೆ ಚೆಂಡನ್ನೂ ಹಾಗೇ ವಿಂಗಡಿಸುತ್ತಿತ್ತು:
ಇದು ನಮ್ಮದು, ಇದು ಅವರದು,
ಇದು ಯಾರದೂ ಅಲ್ಲ, ಓಡು.
ಪಟಿಯಾಲದ ಶಿಬಿರದಲ್ಲಿ ಹತ್ತೊಂಬತ್ತು ದಿನ ಬೆಂಚು ಕಾದು
ಇಪ್ಪತ್ತನೆಯ ದಿನ ವಾಪಸು ರೈಲು ಹತ್ತಿದರಂತೆ,
ಚೀಲದಲ್ಲಿ ಒಂದು ನೀಲಿ ಟ್ರ್ಯಾಕ್‌ಸೂಟು.
ಬೆನ್ನಿಗೆ ದೇಶದ ಹೆಸರು ಹೊಲಿಯುವುದು
ವಿಮಾನ ಹತ್ತುವವರಿಗೆ ಮಾತ್ರ.
ಉಳಿದವರದು ಬರೀ ಬಟ್ಟೆ.

ಇದನ್ನೆಲ್ಲ ಅವರು ಹೇಳಿದ್ದಲ್ಲ.
ಮೈದಾನಕ್ಕೆ ನೀರು ಬಿಡುವ ಜವರಣ್ಣ ಹೇಳಿದ್ದು,
ಅರ್ಧ ಸುಳ್ಳೂ ಇರಬಹುದು.
ಟ್ರ್ಯಾಕ್‌ಸೂಟು ಸುಳ್ಳಲ್ಲ.
ಮೊಣಕೈಗೆ ತೇಪೆ, ಮಂಡಿಯ ಹತ್ತಿರ ನೀಲಿಯೇ ನರೆತಿತ್ತು,
ಬೆನ್ನು ಮಾತ್ರ ಅಂಗಡಿಯಿಂದ ತಂದ ಹಾಗೆ.

ನನ್ನನ್ನು ಗೋಲಿ ಅನ್ನುತ್ತಿದ್ದರು.
ಗೋಲ್‌ಕೀಪರ್ ಅಂತಲೋ, ದುಂಡಗಿದ್ದೆ ಅಂತಲೋ
ಕೇಳುವ ಧೈರ್ಯ ಬರಲಿಲ್ಲ.
ಓಡಲಾರದವಳೆಂದು ಶಾಲೆಯಲ್ಲಿ ಪ್ಯಾಡು ಕಟ್ಟಿ ನಿಲ್ಲಿಸಿದ್ದರು.
ಆ ಪ್ಯಾಡಿನ ಹತ್ತಿಗೆ ನೆನೆದ ಕುರಿಯ ವಾಸನೆ.
"ಹೆದ್ರಿ ಕಣ್ಮುಚ್ಚಿದ್ರೂ ಪರವಾಗಿಲ್ಲ ಕಣವ್ವ,
ಮಂಡಿ ಮಡಿಸಿರು" ಅಂದವರು ಅವರೊಬ್ಬರೇ.

ಮೈಸೂರಿನಲ್ಲಿ ಕೊಡಗಿನವರ ಎದುರು ಏಳು ಸೊನ್ನೆ.
ಅವರು ತೊಟ್ಟಿಲಲ್ಲೇ ಸ್ಟಿಕ್ಕು ಹಿಡಿದವರು,
ನಮ್ಮ ತಬಸ್ಸುಮಳ ಸ್ಟಿಕ್ಕಿಗೆ ಸೈಕಲ್ ಟ್ಯೂಬಿನ ಪಟ್ಟಿ.
ವಾಪಸು ಬಸ್ಸಿನಲ್ಲಿ ಹೊಳೆನರಸೀಪುರ ದಾಟುವ ತನಕ
ಮೇಷ್ಟ್ರದು ಮಾತಿಲ್ಲ.
ಆಮೇಲೆ ಕಡ್ಲೆಕಾಯಿ ಪೊಟ್ಟಣ ಹಿಂದಕ್ಕೆ ಕಳಿಸಿ
"ಮೂರನೇದು ನಂದು.
ನಿನ್ನ ಒಂದ್ ಹೆಜ್ಜೆ ಮುಂದೆ ನಿಲ್ಲಿಸ್ಬೇಕಿತ್ತು" ಅಂದರು.
ಮಿಕ್ಕ ಆರು ಯಾರವೆಂದು ಹೇಳಲಿಲ್ಲ.

ನಿದ್ದೆಹೋದ ತಬಸ್ಸುಮಿಗೆ ಆ ನೀಲಿ ಹೊದಿಸಿದ್ದರು,
ಅವಳು ಹೊದ್ದುಕೊಂಡೇ ಹಾಸ್ಟೆಲಿಗೆ ಬಂದಳು.
ರಾತ್ರಿ ಎರಡರ ತನಕ, ಒಂದೇ ಸೂಜಿ, ಬಿಳಿ ದಾರ,
ಟಾರ್ಚು ಹಿಡಿಯುವ ಸರದಿ.
ಹಾಸನ.
ಹಾ ದೊಡ್ಡದು, ಸ ಸೊಟ್ಟ,
ನ ಹೊತ್ತಿಗೆ ಜಾಗ ಸಾಲದೆ ಮುದುರಿ ಕೂತಿತು.

ಬೆಳಿಗ್ಗೆ ನೋಡಿದರು. ನಗಲಿಲ್ಲ, ಬಯ್ಯಲಿಲ್ಲ.
ಕಟ್ಟೆಯ ಮೇಲೆ ಕೂತು ಅರ್ಧ ಬ್ಲೇಡಿನಲ್ಲಿ
ಒಂದೊಂದೇ ಹೊಲಿಗೆ ಬಿಚ್ಚಿದರು, ಬಟ್ಟೆಗೆ ನೋಯದ ಹಾಗೆ.
"ಒಂದ್ ಗೋಲ್ ಹೊಡೀರಿ. ಆಮೇಲೆ ಹೊಲಿಯೋರಂತೆ."
ತಬಸ್ಸುಮ್ ಅತ್ತಳು.
ನನಗೆ ಸಿಟ್ಟು, ಇವತ್ತಿಗೂ ಚೂರು ಉಳಿದಿದೆ.
ಅವರು ಚೆಂಡು ಎಣಿಸಲು ಬಗ್ಗಿದರು,
ಮೂಡಲ ಬಿಸಿಲು ಓರೆಯಾಗಿ ಬೆನ್ನಿಗೆ ಬಿತ್ತು.
ದಾರವಿಲ್ಲ. ಸೂಜಿಯ ತೂತುಗಳು.
ಹತ್ತಿರ ನಿಂತರೆ ಓದಬಹುದಿತ್ತು.

ಗೋಲ್ ಹೊಡೆದೆವು, ಮರುವರ್ಷ, ಮಂಡ್ಯದ ಮೇಲೆ,
ಅದೂ ಅವರದೇ ಸ್ಟಿಕ್ಕಿಗೆ ತಾಗಿ ಒಳಗೆ ಹೋದದ್ದು.
ಕುಣಿಯುವ ಗಲಾಟೆಯಲ್ಲಿ
ಹೊಲಿಯುವ ಮಾತು ಯಾರಿಗೂ ನೆನಪಾಗಲಿಲ್ಲ.

ಈಗ ಗೊರೂರು ಬಸ್ಸಿಗೆ ನಾನು ಕಂಡಕ್ಟರ್.
ನನ್ನ ಸೀಟಿ ಅವರದ್ದಕ್ಕಿಂತ ಜೋರು.
ಮೊನ್ನೆ ಹತ್ತಿದರು, ಮೈಮೇಲೆ ಅದೇ ನೀಲಿ,
ಬಲೆಚೀಲದಲ್ಲಿ ಚೆಂಡು, ಹದಿಮೂರು, ನಾನೂ ಎಣಿಸಿದೆ.
ಟಿಕೆಟ್ ಬೇಡ ಸಾರ್ ಅಂದೆ.
ಚಿಲ್ಲರೆ ಸಮೇತ ಕೈಗಿಟ್ಟು ಕಿಟಕಿಯತ್ತ ತಿರುಗಿದರು.
ಹಂಪಿನ ಮೇಲೆ ಬಸ್ಸು ಎಗರಿತು,
ಕಂಬಿ ಹಿಡಿಯದೆ ನಿಂತಿದ್ದೆ.
"ಮಂಡಿ" ಅಂದರು, ಹೊರಗೆ ನೋಡುತ್ತಲೇ.

ಮಡಿಸಿಯೇ ಇತ್ತು.