ಒಂದು ಕಮ್ಮಿ

ಕೆಂಪಿಯ ತುಟಿ ಎತ್ತಿದೆ. ಒಸಡು
ನೆನೆಸಿಟ್ಟ ಅವಲಕ್ಕಿಯ ಬಣ್ಣ.
ಹೊಟ್ಟೆಯಲ್ಲಿ ಗಿಟುಕು ಕೊಬ್ಬರಿಯಷ್ಟು ಗಂಟು,
ಒತ್ತಿದರೆ ಜಾರಿ ಮತ್ತೆ ಅಲ್ಲೇ ಬಂದು ಕೂರುತ್ತದೆ.
“ಹನ್ನೊಂದು ವರ್ಷದ ನಾಯಿ, ಜಬೀನಾ.
ಈ ವಯಸ್ಸಿಗೆ ಹೆಚ್ಚಾಗಿ ಗುಲ್ಮದ ಗೆಡ್ಡೆ,
ರಕ್ತ ಒಳಗೊಳಗೇ ಸೋರುತ್ತೆ.”
ಕೊರಳ ಟೇಪು ತೆಗೆಯದೆ ಅಂಗಡಿಯಿಂದ ಓಡಿಬಂದವಳು
“ಕೊಯ್ದು ನೋಡಿ ಸಾರ್” ಎಂದಳು.

ಕೊಯ್ದೆ. ಗುಲ್ಮ ನುಣ್ಣಗೆ, ನೇರಳೆ, ನಿರಪರಾಧಿ.
ಗಂಟು ಬೇರೆ ಕಡೆ:
ಕರುಳ ಪೊರೆ ಸುತ್ತಿ ಸುತ್ತಿ ಕಟ್ಟಿದ ಗೂಡು.
ಸೀಳಿದರೆ ಕೀವು, ಕೀವಿನೊಳಗೆ ನೂಲು,
ನೂಲು ಹಿಡಿದೆಳೆದರೆ ಅಂಗೈಯಗಲ ಗಾಜ್ ಬಟ್ಟೆ.

ಒಂಬತ್ತು ವರ್ಷದ ಹಿಂದೆ
ಅರಸೀಕೆರೆಯ ಶಾಲೆ ಜಗಲಿಯಲ್ಲಿ ಶಿಬಿರ,
ಒಂದೇ ದಿನ ಮೂವತ್ತೆಂಟು ಹೆಣ್ಣುನಾಯಿ.
ಸಂಜೆ ಎಣಿಸಿದಾಗ ಬಟ್ಟೆ ಒಂದು ಕಮ್ಮಿ.
ಕಾಗೆ ಒಯ್ದಿರಬೇಕು ಅಂದ ಕಾಂಪೌಂಡರ್ ಶಿವನಂಜ.
‘ಲೆಕ್ಕ ಸರಿಯಿದೆ’ ಎಂದು ಬರೆದು ಸಹಿ ಹಾಕಿದವನು ನಾನು.

ಜಬೀನಾ ಟ್ರೇಗೆ ಬಾಗಿ ಬೆರಳಂಚಲ್ಲಿ ಮುಟ್ಟಿದಳು,
ಬ್ಲೌಸಿನ ಲೈನಿಂಗ್ ನೋಡುವ ಹಾಗೆ.
“ಇದನ್ನ ಇವಳು ಯಾವಾಗ ನುಂಗಿದ್ಲು?”
ಕೆಂಪಿ ಮಂಪರಿನಲ್ಲೇ ಬಾಲ ಅಲ್ಲಾಡಿಸಿತು, ನನ್ನ ವಾಸನೆಗೆ.

“ನುಂಗಿದ್ದು ಇವಳಲ್ಲ”
ಎನ್ನುವಷ್ಟರಲ್ಲಿ ಮೈಸೂರು ಪ್ಯಾಸೆಂಜರ್ ಕೂಗಿತು.
ಇನ್ನೊಮ್ಮೆ ಹೇಳಬೇಕಾಯಿತು,
ಜೋರಾಗಿ.