ಆರಿಸಬೇಡಿ

ಆರಿಸಬೇಡಿ, ಅನ್ನುತ್ತದೆ ನೀಲಿ ಪರದೆ.
ನಾನೆಲ್ಲಿ ಆರಿಸಿದೆ?
ನಿನ್ನೆ ಸಂಜೆ ಏಳರಿಂದ ಬಿಳಿ ಚುಕ್ಕಿಗಳು
ಒಂದರ ಬಾಲ ಒಂದು ಹಿಡಿದು ಸುತ್ತುತ್ತಲೇ ಇವೆ,
ಗಾಣದೆತ್ತುಗಳು, ಎಣ್ಣೆ ಮಾತ್ರ ಹನಿಯಿಲ್ಲ.

ನೂರಕ್ಕೆ ಮೂವತ್ತೇಳು.
ಅಲ್ಲಿಗೆ ಬಂದು, ಒಂದು ಉಸಿರು ನಿಂತು,
ಆಗಲಿಲ್ಲ, ಮಾಡಿದ್ದನ್ನೆಲ್ಲ ಮರಳಿಸುತ್ತಿದ್ದೇವೆ ಎಂದು
ಬಲು ವಿನಯದಿಂದ ಹಿಂದಕ್ಕೆ ನಡೆಯುತ್ತದೆ.
ಮತ್ತೆ ಸೊನ್ನೆ. ಇದು ಮೂರನೆಯ ಸಲ.

ಹೊರಗೆ ಪುಂತಾ ಅರೇನಾಸಿನ ಗಾಳಿ
ತಗಡು ಸೂರಿನ ಮೊಳೆಗಳನ್ನು ಎಣಿಸುತ್ತಿದೆ.
ಪೊರ್ವೆನಿರಿಗೆ ಹೋಗುವ ಫೆರಿ ಇವತ್ತು ಹೊರಡಲಿಲ್ಲ.
ಅದರ ಹೊಟ್ಟೆಯೊಳಗೆ ಇಪ್ಪತ್ತಾರು ವರ್ಷ
ಎಂಜಿನ್ನಿಗೆ ಎಣ್ಣೆ ಕುಡಿಸಿದವಳು ನಾನು, ಸುನಿಲ್ದಾ ಬಾರ್ರಿಯಾ.
ಉದ್ದ ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಸಾಕು,
ಯಾವ ಬೇರಿಂಗು ಸುಳ್ಳು ಹೇಳುತ್ತಿದೆ ಅಂತ
ಎರಡು ವಾರ ಮೊದಲೇ ತಿಳಿಯುತ್ತಿತ್ತು.

ಇದಕ್ಕೂ ಹಾಗೇ ಒತ್ತಿ ನೋಡಿದೆ, ನಾಚಿಕೆ ಬಿಟ್ಟು.
ಫ್ಯಾನಿನ ಗೊರಗೊರ. ಮತ್ತೇನೂ ಇಲ್ಲ.
ಇದರ ಕಾಯಿಲೆಗೆ ಸದ್ದೇ ಇಲ್ಲ,
ಒಂದು ನಂಬರು ಇದೆ ಅಷ್ಟೆ, ನಡುವೆ ಅಕ್ಷರ ಸಿಕ್ಕಿಸಿದ್ದು.
ಗ್ಯಾಸ್ ಬಿಲ್ಲಿನ ಬೆನ್ನಿಗೆ ಬರೆದುಕೊಂಡೆ.

ಟೈರು ಅಂಗಡಿಯ ಯೆರ್ಕೊ ಫೋನಿನಲ್ಲಿ ಅಂದ:
ಜಾಗ ಸಾಲದೇನೋ, ದೋನ್ಯಾ ಸುನಿಲ್ದಾ,
ಇಪ್ಪತ್ತು ಜಿಬಿ ಖಾಲಿ ಮಾಡಿ ನೋಡಿ.

ಜಾಗ ತಿಂದದ್ದು ಯಾರೆಂದು ನನಗೆ ಗೊತ್ತು.
ಪುಟ್ಟ ರೆಕಾರ್ಡರಿನಲ್ಲಿ ಹಿಡಿದಿಟ್ಟ ಎಂಜಿನ್ ಸದ್ದುಗಳು,
ನಾನೂರ ಹನ್ನೊಂದು.
ಎರಡನೇ ಸಿಲಿಂಡರು, ಕೆಮ್ಮು, ಜೂನ್.
ಪಂಪು, ಡೀಸೆಲಿಗೆ ನೀರು ಬೆರೆತದ್ದು.
ಗೇರು, ಹಲ್ಲು ಕಡಿಯುವುದು, ಕ್ಯಾಪ್ಟನ್ ನಂಬಲಿಲ್ಲ.
ನಡುನಡುವೆ: ಏನೂ ತೊಂದರೆ ಇಲ್ಲ, ಸುಮ್ಮನೆ.

ಸುಮ್ಮನೆ ಹಿಡಿದವನ್ನು ಮೊದಲು ಅಳಿಸಿದೆ.
ನೆಟ್ಟಗಿರುವ ಎಂಜಿನ್ನಿನ ಸದ್ದು ಯಾರಿಗೆ ಬೇಕು,
ನೆಟ್ಟಗಿರುವ ಮನುಷ್ಯರ ಹಾಗೆ, ಹೇಳಲು ಕಥೆಯಿಲ್ಲ.
ನೂರೆಂಬತ್ತು ಹೋದವು. ಚಹಾ ಆರಿತು.
ಕಸದ ಬುಟ್ಟಿಯನ್ನೂ ಬರಿದು ಮಾಡಿ, ಉಸಿರು ಬಿಗಿಹಿಡಿದು,
ಮತ್ತೆ ಚುಕ್ಕಿಗಳ ಮುಂದೆ ಕೂತೆ.

ಮೂವತ್ತೇಳು.
ಆಗಲಿಲ್ಲ.

ರಾತ್ರಿ ಒಂಬತ್ತಕ್ಕೆ ಯೆರ್ಕೊ ತಾನೇ ಬಂದ,
ಗಾಳಿ ಕಿತ್ತೊಯ್ಯದಂತೆ ಟೋಪಿಯನ್ನು ಜೇಬಿಗೆ ತುರುಕಿಕೊಂಡು.
ಪರದೆ ನೋಡಲೇ ಇಲ್ಲ. ಪೆಟ್ಟಿಗೆ ತಿರುಗಿಸಿ,
ಪಕ್ಕೆಯ ಸೀಳಿಗೆ ಉಗುರು ಹಾಕಿ ಎಳೆದ:
ಇದು ಇಲ್ಲೇನು ಮಾಡುತ್ತಿದೆ?

ರೆಕಾರ್ಡರಿನ ಕಾರ್ಡು. ಹೆಬ್ಬೆರಳ ಉಗುರಿನಷ್ಟು.
ಈಸ್ಟರಿನಿಂದ ಅಲ್ಲೇ ಕೂತಿತ್ತು.
ಒಳಬರಲು ಬಂದ ಹೊಸದು ಇದನ್ನು ಕಂಡು
ಯಾವುದು ಮನೆ, ಯಾವುದು ಜಗಲಿ ತಿಳಿಯದೆ
ಬಾಗಿಲಿನಿಂದಲೇ ವಾಪಸು ಹೋಗುತ್ತಿತ್ತಂತೆ.
ಕಂಕುಳಲ್ಲೇ ಇತ್ತು ಕೂಸು.
ನಾನು ಹುಡುಕಲು ಅರ್ಧ ಊರು ಕೆಡವಿದ್ದೆ.

ಮೂವತ್ತೆಂಟು!
ಇಬ್ಬರೂ ಬ್ರೆಡ್ಡು ಜಗಿಯುವುದು ನಿಲ್ಲಿಸಿ ನೋಡಿದೆವು.

ಮಧ್ಯರಾತ್ರಿಗೆ ಎಲ್ಲ ಮುಗಿಯಿತು. ಹೊಸತೇನು ಬಂತು ಅಂದರೆ
ಮೂಲೆಯ ಗುಂಡಿಗಳು ನಡುವಿಗೆ ಸರಿದಿವೆ,
ಮತ್ತೊಂದು ಪುಟ್ಟ ಮೋಡದ ಚಿತ್ರ,
ಗಾಳಿ ಬೀಸುವ ಸಂಭವವಿದೆ ಅಂತ ನನಗೇ ತಿಳಿಸುತ್ತದೆ.

ಯೆರ್ಕೊ ಹೋದ ಮೇಲೆ ಉಳಿದ ಸದ್ದುಗಳನ್ನು ತೆರೆದೆ.
ಕೆಮ್ಮು ಇದೆ. ಹಲ್ಲು ಕಡಿತ ಇದೆ.
ಆದರೆ ಇದು ಕೆಮ್ಮು ಅನ್ನಲು
ಕೆಮ್ಮದೆ ಇದ್ದದ್ದು ಒಂದಾದರೂ ಬೇಡವೇ?
ನೆಟ್ಟಗಿದ್ದ ದಿನ ಹೇಗಿತ್ತೆಂದು ನನ್ನ ಬಳಿ ಈಗ ಪುರಾವೆಯಿಲ್ಲ.

ನಾಳೆ ಗಾಳಿ ಬಿದ್ದರೆ ಫೆರಿ ಹೊರಡುತ್ತದೆ.
ಟಿಕೆಟು ಕೊಂಡು ಹತ್ತುತ್ತೇನೆ, ಎಲ್ಲರ ಹಾಗೆ.
ಕೆಳಗಿನ ಕಬ್ಬಿಣದ ಬಾಗಿಲ ಬಳಿ ಒಂದು ಬೆಂಚಿದೆ,
ಅಲ್ಲಿ ಸೀಮೆಎಣ್ಣೆಯ ವಾಸನೆಗೆ ಯಾರೂ ಕೂರುವುದಿಲ್ಲ.
ಕಾರ್ಡು ರೆಕಾರ್ಡರಿಗೆ ಹಾಕಿಟ್ಟಿದ್ದೇನೆ.
ಸ್ಕ್ರೂಡ್ರೈವರು ಕೋಟಿನ ಜೇಬಿನಲ್ಲಿದೆ,
ಮೇಲೆ ಯಾರಾದರೂ ಕೇಳಿದರೆ ಏನು ಹೇಳಬೇಕೋ ಗೊತ್ತಿಲ್ಲ.